ಮೌನಿಯೆನಿಸಿಕೊಂಡ ತಿಮಿಂಗಿಲದ ದನಿ

ಕಣ್ಣಿಗೆ ಕಾಣದುದು ಇಲ್ಲವೆಂದೂ, ಕಿವಿಗೆ ಬೀಳದುದು ಮೂಕವೆಂದೂ ನಿರ್ಣಯಿಸಿಬಿಡುವುದು ಮನುಷ್ಯನ ಹಳೆಯ ಅಭ್ಯಾಸ. ಶಾಸ್ತ್ರಜ್ಞರೂ ಇದಕ್ಕೆ ಹೊರತಾದವರಲ್ಲ. ಪೆಸಿಫಿಕ್ ಸಾಗರದ ಬೂದು ತಿಮಿಂಗಿಲವನ್ನು ಕುರಿತು 1965ರಲ್ಲಿ ಪ್ರಕಟವಾದ ಒಂದು ಪ್ರಬಂಧವು ತಲೆಬರಹದಲ್ಲಿಯೇ ಆ ಪ್ರಾಣಿಯನ್ನು ಮೌನಿಯೆಂದು ಕರೆದಿತ್ತು. ಮೂರೇ ವರ್ಷಗಳ ತರುವಾಯ, 1968ರಲ್ಲಿ, ಕಮಿಂಗ್ಸ್, ಥಾಂಪ್ಸನ್ ಮತ್ತು ಕುಕ್ ಎಂಬ ವಿದ್ವಾಂಸರು ಕ್ಯಾಲಿಫೋರ್ನಿಯದ ಕರಾವಳಿಯ ನೀರಿನಲ್ಲಿ ಕೇಳಿದ ಅದೇ ತಿಮಿಂಗಿಲದ ದನಿಗಳನ್ನು ವಿವರಿಸಿ ಪ್ರಕಟಿಸಿದರು. ಮೌನವಿದ್ದುದು ಸಮುದ್ರದಲ್ಲಲ್ಲ, ನಮ್ಮ ಕಿವಿಯಲ್ಲಿ.

ಈ ಪ್ರಾಣಿಯ ಜೀವಿತವೆಲ್ಲ ಒಂದು ದೀರ್ಘ ಯಾತ್ರೆ. ಬೇಸಗೆಯಲ್ಲಿ ಅಲಾಸ್ಕದಾಚೆಯ ಬೇರಿಂಗ್ ಮತ್ತು ಚುಕ್ಚಿ ಸಮುದ್ರಗಳಲ್ಲಿ ಮೇದು, ಚಳಿಗಾಲದಲ್ಲಿ ಮೆಕ್ಸಿಕೋ ದೇಶದ ಬಾಹಾ ಕ್ಯಾಲಿಫೋರ್ನಿಯದ ಬೆಚ್ಚನೆಯ ಹಿನ್ನೀರುಗಳಿಗೆ ಇಳಿದು ಅಲ್ಲಿ ಮರಿ ಹಾಕುತ್ತದೆ. ಹೋಗಿಬರುವ ಹಾದಿ 15,000 ಕಿಲೋಮೀಟರಿಗೂ ಮಿಕ್ಕುದು. ದಡವನ್ನು ಹಿಡಿದು ಸಾಗುವ ಈ ಸ್ವಭಾವವೇ ಅದಕ್ಕೆ ಮುಳುವಾಯಿತು. 1850ರ ದಶಕದಲ್ಲಿ ಸ್ಕ್ಯಾಮನ್ ಮೊದಲಾದ ಬೇಟೆಗಾರ ನಾವಿಕರು ಆ ಹೆರಿಗೆಯ ಹಿನ್ನೀರುಗಳನ್ನೇ ಹೊಕ್ಕು ಸಂಹಾರ ನಡೆಸಿದರು. 1937ರ ಅಂತಾರಾಷ್ಟ್ರೀಯ ಒಪ್ಪಂದದಿಂದ ರಕ್ಷಣೆ ದೊರೆತ ಮೇಲೆ ಸಂತತಿ ಚೇತರಿಸಿತು. 1994ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಪೂರ್ವ ಪೆಸಿಫಿಕ್ಕಿನ ಈ ತಂಡವನ್ನು ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಯಿಂದ ತೆಗೆದುಹಾಕಿತು.

ಇಂಥ ಪ್ರಾಣಿಯ ದನಿಯನ್ನು ಹಿಡಿಯುವ ಬಗೆ ಹೇಗೆ? ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,500 ಮೀಟರು ವೇಗದಲ್ಲಿ, ಎಂದರೆ ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚಾಗಿ, ಸಂಚರಿಸುತ್ತದೆ. ಶಬ್ದದ ಅಲೆಯು ನೀರಿನಲ್ಲಿ ಉಂಟುಮಾಡುವ ಒತ್ತಡದ ಏರಿಳಿತವನ್ನು ಹೈಡ್ರೋಫೋನು ಎಂಬ ಸಾಧನವು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಇದನ್ನೂ ಬ್ಯಾಟರಿ, ಸ್ಮರಣಕೋಶಗಳನ್ನೂ ಕೂಡಿಸಿ, ಆಳದ ಒತ್ತಡಕ್ಕೆ ಜಗ್ಗದ ಕೊಳವೆಯೊಳಗೆ ಯಂತ್ರವನ್ನು ಭದ್ರಪಡಿಸಿ, ಭಾರ ಕಟ್ಟಿ ಸಮುದ್ರತಳಕ್ಕೆ ಇಳಿಬಿಡುತ್ತಾರೆ. ತಿಂಗಳುಗಟ್ಟಲೆ ಅದು ಅಲ್ಲಿದ್ದು ಕೇಳಿದುದೆಲ್ಲವನ್ನೂ ದಾಖಲಿಸುತ್ತದೆ. ಅವಧಿ ಮುಗಿದೊಡನೆ ಹಡಗಿನಿಂದ ಗೊತ್ತಾದ ಶಬ್ದಸಂಕೇತವೊಂದನ್ನು ಕಳುಹಿಸಿದರೆ ಭಾರದ ಕೊಂಡಿ ಬಿಚ್ಚಿಕೊಂಡು, ತೇಲುಗುಂಡುಗಳ ಬಲದಿಂದ ಯಂತ್ರವು ಮೇಲೇರಿ ಬರುತ್ತದೆ. ಒಂದು ಯಂತ್ರದಿಂದ ತಿಮಿಂಗಿಲವು ಹತ್ತಿರದಲ್ಲಿ ಇತ್ತೆಂಬುದು ತಿಳಿಯುತ್ತದೆ. ಹಲವನ್ನು ಹರಡಿಟ್ಟರೆ, ಒಂದೇ ದನಿಯು ಒಂದೊಂದನ್ನು ಮುಟ್ಟಿದ ವೇಳೆಯ ಅಂತರದಿಂದ ಅದು ಎಲ್ಲಿತ್ತೆಂಬುದನ್ನೂ ಲೆಕ್ಕಹಾಕಬಹುದು.

ಹೀಗೆ ಕೇಳಿ ತಿಳಿದ ಸಂಗತಿಗಳು ಅಲ್ಪವಲ್ಲ. 1980ರ ದಶಕದಲ್ಲಿ ಮೆರಿಲಿನ್ ಡಾಲ್‌ಹೈಮ್ ಎಂಬ ವಿದುಷಿಯು ಬಾಹಾದ ಸ್ಯಾನ್ ಇಗ್ನಾಸಿಯೋ ಹಿನ್ನೀರಿನಲ್ಲಿ ಈ ದನಿಗಳನ್ನು ಅಭ್ಯಸಿಸಿದರು. ಅವುಗಳಲ್ಲಿ ಮುಖ್ಯವಾದುದು ಮದ್ದಳೆಯನ್ನು ಬೆರಳಿಂದ ತಟ್ಟಿದಂತಹ ಬಡಿತಗಳ ಸಾಲು. ಆ ಹಿನ್ನೀರಿನಲ್ಲಿ ಸದಾ ಚಟಪಟಗುಟ್ಟುವ ಸೀಗಡಿಗಳ ಸದ್ದು ಹೆಚ್ಚಾಗಿ ಸೆಕೆಂಡಿಗೆ 2,000 ಕಂಪನಗಳ ಮೇಲಿದ್ದರೆ, ತಿಮಿಂಗಿಲದ ದನಿ ಬಹುತೇಕ ಅದರ ಕೆಳಗೆ ಇರುತ್ತದೆ. ಸಂತೆಯ ಗದ್ದಲದಲ್ಲಿ ತನ್ನ ಮಾತು ಮುಳುಗದಂತೆ ಸ್ವರವನ್ನು ಇಳಿಸಿದ ಹಾಗೆ! ಆದರೆ ದೋಣಿ, ಹಡಗುಗಳ ಸದ್ದು ಈ ಕೆಳಸ್ವರದಲ್ಲಿಯೇ ಬಂದು ಬೀಳುತ್ತದೆ. ದೋಣಿಗಳ ಗದ್ದಲ ಹೆಚ್ಚಿದಾಗ ತಿಮಿಂಗಿಲಗಳು ಹೆಚ್ಚು ಬಾರಿ, ಹೆಚ್ಚು ಗಟ್ಟಿಯಾಗಿ ಕೂಗಿದುದೂ ಅಲ್ಲಿಯೇ ಕಂಡುಬಂದಿತು.

ಎಲ್ಲಕ್ಕಿಂತ ಬೋಧಪ್ರದವಾದುದು ಅಲಾಸ್ಕದ ತುದಿಯಲ್ಲಿ, ಇಂದು ಉಟ್ಕಿಯಾಗ್ವಿಕ್ ಎನಿಸಿಕೊಳ್ಳುವ ಬ್ಯಾರೋ ಊರಿನ ಬಳಿ ನಡೆದ ಶೋಧ. ಚಳಿಗಾಲದಲ್ಲಿ ಬೂದು ತಿಮಿಂಗಿಲಗಳೆಲ್ಲ ದಕ್ಷಿಣಕ್ಕೆ ಇಳಿಯುತ್ತವೆಂಬುದು ಪಂಡಿತರ ನಂಬಿಕೆಯಾಗಿತ್ತು. ಕತ್ತಲೆಯೂ ಹಿಮವೂ ಕವಿದ ಆ ಸಮುದ್ರದಲ್ಲಿ ನೋಡಿ ಬರುವವರಾದರೂ ಯಾರು? ಆದರೆ ಕೇಟ್ ಸ್ಟಾಫರ್ಡ್ ಮತ್ತು ಸಂಗಡಿಗರ ಯಂತ್ರಗಳು 2003–04ರ ಚಳಿಗಾಲದುದ್ದಕ್ಕೂ ಅಲ್ಲಿ ಬೂದು ತಿಮಿಂಗಿಲದ ದನಿಯನ್ನು ದಾಖಲಿಸಿದವು. ಕಣ್ಣಿನ ಶಾಸ್ತ್ರವನ್ನು ಕಿವಿಯ ಶಾಸ್ತ್ರವು ತಿದ್ದಿತು.

ಕಿವಿಗೂ ಮಿತಿಯುಂಟು. ಸುಮ್ಮನೆ ಸಾಗುವ ತಿಮಿಂಗಿಲವು ಯಂತ್ರಕ್ಕೆ ಸಿಕ್ಕದು. ಹತ್ತು ದನಿಗಳು ಹತ್ತು ಪ್ರಾಣಿಗಳವೋ ಒಂದೇ ಪ್ರಾಣಿಯವೋ ಸುಲಭದಲ್ಲಿ ತಿಳಿಯದು. ಆದುದರಿಂದ ದಡದಿಂದ ಎಣಿಸುವ ಕಾರ್ಯವನ್ನು ಬಿಡುವಂತಿಲ್ಲ. ಆ ಎಣಿಕೆ ಇಂದು ಹೇಳುವುದು ಶುಭವಾರ್ತೆಯಲ್ಲ. 2016ರಲ್ಲಿ ಸುಮಾರು 27,000 ಎಂದು ಅಂದಾಜಾಗಿದ್ದ ಪೂರ್ವ ಪೆಸಿಫಿಕ್ಕಿನ ಸಂತತಿ 2025ರಲ್ಲಿ ಸುಮಾರು 13,000ಕ್ಕೆ ಇಳಿಯಿತು. ಉತ್ತರದ ಸಮುದ್ರಗಳಲ್ಲಿ ಆಹಾರವು ಕೆಟ್ಟುದೇ ಇದಕ್ಕೆ ಮುಖ್ಯ ಕಾರಣವೆಂದು ಶಾಸ್ತ್ರಜ್ಞರು ಭಾವಿಸುತ್ತಾರೆ. ಶಬ್ದದ ಮೇಲೆಯೇ ಎಲ್ಲ ಅಪರಾಧವನ್ನು ಹೊರಿಸುವುದು ನ್ಯಾಯವಲ್ಲ. ಆದರೆ ಹಸಿದ ಪ್ರಾಣಿಗೆ ಗದ್ದಲವೊಂದು ಹೆಚ್ಚಿನ ಹೊರೆ. ಹಿಮ ಕರಗಿದಷ್ಟೂ ಉತ್ತರ ಸಮುದ್ರದಲ್ಲಿ ಹಡಗುಗಳಿಗೆ ಹಾದಿ ತೆರೆಯುತ್ತಿರುವಾಗ, ಆ ಹೊರೆ ಎಷ್ಟೆಂದು ಅಳೆಯುವ ಸಾಧನ ಈ ಧ್ವನಿಲೇಖಕಗಳೇ.

ದೂರದ ಸಮುದ್ರದ ಸುದ್ದಿ ನಮಗೇಕೆ ಎನ್ನುವವರು ಒಂದು ವಿಷಯವನ್ನು ಗಮನಿಸಬೇಕು. ಅದೇ ಸ್ಟಾಫರ್ಡ್ ಅವರೂ ದಿವ್ಯಾ ಪಣಿಕ್ಕರ್ ಅವರೂ ನಮ್ಮ ಪಶ್ಚಿಮ ಸಮುದ್ರದ ಲಕ್ಷದ್ವೀಪದಲ್ಲಿ ಇಂಥ ಯಂತ್ರಗಳನ್ನಿರಿಸಿ ನೀಲಿ ತಿಮಿಂಗಿಲದ ಹಾಡನ್ನು ದಾಖಲಿಸಿದ ವರದಿ 2021ರಲ್ಲಿ ಪ್ರಕಟವಾಯಿತು. ನಮ್ಮ ನೀರೂ ಮೂಕವಲ್ಲ. ಬಂದರು ಕಟ್ಟುವ ಮುನ್ನ, ತೈಲಕ್ಕಾಗಿ ತಳವನ್ನು ಶೋಧಿಸುವ ಮುನ್ನ, ಒಂದು ವರ್ಷವಾದರೂ ಆ ನೀರಿಗೆ ಕಿವಿಗೊಡುವುದನ್ನು ಸರಕಾರಗಳು ಕಡ್ಡಾಯ ಮಾಡತಕ್ಕದ್ದು. ಇಲ್ಲಿ ಏನೂ ಇಲ್ಲವೆಂದು ಬರೆಯುವ ಅಧಿಕಾರ, ಕೇಳಿ ನೋಡಿದವನಿಗೆ ಮಾತ್ರ ಸಲ್ಲುತ್ತದೆ.