ಲೈಸೆನ್ಸಿಗೆ ಎರಡೇ ಕೋವಿ: ತೋಟದ ಮನೆಯಲ್ಲಿ ಯಾವುದು ಇರಲಿ, ಯಾವುದು ಹೋಗಲಿ?

ಕೊಡಗಿನ ಹಳೇ ಮನೆಗಳಲ್ಲಿ ಕೋವಿ ಯಾರೂ ಲೆಕ್ಕ ಹಾಕಿ ತಂದದ್ದಲ್ಲ, ತಾನಾಗಿ ಸೇರುತ್ತಾ ಬಂದದ್ದು. ಅಜ್ಜನ ಕಾಲದ ಕೇಪಿನ ಕೋವಿ ಒಂದು, ಅಪ್ಪ ತೋಟ ಕಾಯಲು ತಂದ ಜೋಡಿ ನಳಿಗೆ ಒಂದು, ಪಟ್ಟಾಳದಿಂದ ನಿವೃತ್ತರಾಗಿ ಬಂದ ಚಿಕ್ಕಪ್ಪನ ರೈಫಲ್ ಇನ್ನೊಂದು. ಲೈಸೆನ್ಸ್ ಪುಸ್ತಕದಲ್ಲಿ ಮೂರೂ ನಮೂದಾಗಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. 2019ರ ಡಿಸೆಂಬರ್ 14ರಿಂದ ಆ ಲೆಕ್ಕ ಬದಲಾಯಿತು. ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಬಂದು, ಒಬ್ಬ ಲೈಸೆನ್ಸ್‌ದಾರನಿಗೆ ಮೂರರ ಬದಲು ಎರಡೇ ಕೋವಿ ಎಂದಾಯಿತು. ಮಸೂದೆ ಮೊದಲು ಬಂದಾಗ ಒಂದೇ ಕೋವಿ ಅಂತಿತ್ತು. ಸಂಸತ್ತಿನಲ್ಲಿ ಆಕ್ಷೇಪ ಬಂದ ಮೇಲೆ ಎರಡಾಯಿತು. ಹೆಚ್ಚುವರಿ ಕೋವಿಯನ್ನು ಒಂದು ವರ್ಷದೊಳಗೆ ಪೊಲೀಸ್ ಠಾಣೆಗೋ ಪರವಾನಗಿ ಇರುವ ಡೀಲರಿಗೋ ಒಪ್ಪಿಸಬೇಕಿತ್ತು. ಆ ಗಡುವು ಮುಗಿದು ವರ್ಷಗಳಾದರೂ ಲೈಸೆನ್ಸ್ ನವೀಕರಣಕ್ಕೆ ಹೋದಾಗ, ಆಸ್ತಿ ಪಾಲು ಮಾಡುವಾಗ, "ಯಾವ ಎರಡು?" ಎಂಬ ಪ್ರಶ್ನೆ ಈಗಲೂ ಎದ್ದು ಕೂರುತ್ತದೆ.

ಅಂಗಡಿ ಇಟ್ಟುಕೊಂಡವರು ಒಂದು ವಿಷಯ ಗಮನಿಸಿ. ಆತ್ಮರಕ್ಷಣೆಗೆ ಅಂತ ಪಾಯಿಂಟ್ 32 ರಿವಾಲ್ವರ್ ಪಡೆದಿದ್ದರೆ ಅದೂ ಈ ಎರಡರಲ್ಲಿ ಒಂದು. ತೋಟದ ಮನೆಗೆ ಉಳಿಯುವುದು ಇನ್ನೊಂದೇ.

ಕೊಡವ ಜನಾಂಗದವರು ಮತ್ತು ಜಮ್ಮಾ ಹಿಡುವಳಿದಾರರ ವಿಷಯ ಬೇರೆ. ಅವರಿಗೆ ಕಾಯ್ದೆಯ 41ನೇ ಕಲಮಿನ ಅಡಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು; 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಈ ವಿನಾಯಿತಿಯ ಹಳೇ ಆದೇಶದಲ್ಲೇ ಒಂದು ಸ್ವಾರಸ್ಯ ಇದೆ: ಜಿಲ್ಲೆಯ ಹೊರಗೆ ಇರುವಾಗ ಅಥವಾ ಪ್ರಯಾಣ ಮಾಡುವಾಗ ಒಂದು ರೈಫಲ್ ಮತ್ತು 100 ಗುಂಡು, ಒಂದು ಬಂದೂಕು ಮತ್ತು 500 ತೋಟಾ, ಇಷ್ಟೇ ಮಿತಿ. ಅಂದರೆ ಒಂದು ರೈಫಲ್, ಒಂದು ತೋಟಾ ಕೋವಿ ಸಾಕು ಎಂಬ ಅಂದಾಜು ಬಹಳ ಹಿಂದಿನದು. ಆದರೆ ಅದು ಶಿಕಾರಿಯ ಕಾಲದ ಅಂದಾಜು. ಆಗ ಹಕ್ಕಿ-ಮೊಲಕ್ಕೆ ಚರೆ, ದೊಡ್ಡ ಪ್ರಾಣಿಗೆ ರೈಫಲ್, ಗುರಿ ಅಭ್ಯಾಸಕ್ಕೆ ಪಾಯಿಂಟ್ 22 ಅಂತ ಹಂಚಿಕೊಳ್ಳುತ್ತಿದ್ದರು.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಗೆ ಅಂತ ಕೋವಿ ಆರಿಸುವ ಮಾತೇ ಇಲ್ಲ. ಕಾಡುಹಂದಿ ಗದ್ದೆ ಹಾಳು ಮಾಡಿದರೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಈಡು ಹೊಡೆಯುವಂತಿಲ್ಲ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಕೊಟ್ಟಿದ್ದಾರೆ ಎಂದ ಮಾತ್ರಕ್ಕೆ ಹಂದಿ ಹೊಡೆಯಲು ಕೊಟ್ಟರು ಅಂತ ಅರ್ಥ ಅಲ್ಲ. ಈ ಎರಡನ್ನು ಬೆರೆಸಿಕೊಂಡು ಕೇಸು ಹಾಕಿಸಿಕೊಂಡವರಿದ್ದಾರೆ. ವನ್ಯಜೀವಿ ಕಾಯ್ದೆಯಡಿ ಶಿಕ್ಷೆಯಾದರೆ ಕೋವಿಯ ಲೈಸೆನ್ಸ್ ರದ್ದುಪಡಿಸಿ, ಐದು ವರ್ಷ ಮತ್ತೆ ಸಿಗದಂತೆ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ.

ಹಾಗಾದರೆ ತೋಟದ ಮನೆಯ ಕೋವಿಗೆ ಇವತ್ತು ಇರುವ ಕೆಲಸ ಏನು? ರಾತ್ರಿ ಗದ್ದೆ ಬದಿಯಲ್ಲಿ ಸದ್ದು ಮಾಡುವುದು, ಒಂಟಿ ಮನೆಗೆ ಒಂದು ಧೈರ್ಯ, ಅನುಮತಿ ಸಿಕ್ಕ ಅಪರೂಪದ ದಿನ ಹಂದಿ, ಮತ್ತೆ ನಮ್ಮ ಕಡೆಯ ಆಚರಣೆ: ಕೈಲ್‌ಪೊಳ್ದ್ ಪೂಜೆ, ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ, ಪುತ್ತರಿ, ಸಾವಿನ ಮನೆಯ ಎರಡು ಈಡು. ಆನೆಯ ಹೆಸರು ಈ ಪಟ್ಟಿಯಲ್ಲಿ ಇಲ್ಲ. ಆನೆಗೆ ಚರೆ ಹೊಡೆದರೆ ಅದು ಅಪರಾಧವೂ ಹೌದು, ಗಾಯಗೊಂಡ ಆನೆ ಮರುದಿನ ಕಾರ್ಮಿಕರ ಮೇಲೆ ಬೀಳುವುದೂ ಹೌದು.

ಈಗ ಲೈಸೆನ್ಸ್ ಪುಸ್ತಕ ತೆಗೆದು ನೋಡಿ. ಎಸ್‌ಬಿಎಂಎಲ್ ಎಂದರೆ ಕೇಪಿನ ಕೋವಿ, ನಳಿಗೆಯ ಬಾಯಿಂದಲೇ ಮದ್ದು ತುಂಬುವುದು. ಎಸ್‌ಬಿಬಿಎಲ್ ಎಂದರೆ ಹಿಂದಿನಿಂದ ತೋಟಾ ಹಾಕುವ ಒಂಟಿ ನಳಿಗೆ. ಡಿಬಿಬಿಎಲ್ ಅದೇ, ಜೋಡಿ ನಳಿಗೆ. ಇದರ ಜೊತೆ 12 ಬೋರ್ ಅಂತ ಬರೆದಿರುತ್ತದೆ. ಒಂದು ಪೌಂಡ್, ಅಂದರೆ ಸುಮಾರು 453 ಗ್ರಾಂ ಸೀಸದಲ್ಲಿ 12 ಸಮ ಉಂಡೆ ಮಾಡಿದರೆ ಒಂದು ಉಂಡೆ ಹಿಡಿಯುವಷ್ಟು ಅಗಲದ ನಳಿಗೆ ಅದು. ಹಾಗಾಗಿಯೇ 20 ಬೋರಿನ ನಳಿಗೆ 12ಕ್ಕಿಂತ ಸಣ್ಣದು.

ನಮ್ಮ ಅಭಿಪ್ರಾಯ ನೇರವಾಗಿ ಹೇಳುವುದಾದರೆ, ಮೊದಲ ಕೋವಿ 12 ಬೋರಿನ ಡಿಬಿಬಿಎಲ್. ಇದರಲ್ಲಿ ಚರ್ಚೆ ಕಡಿಮೆ. ಒಂದೇ ಕೋವಿಯಲ್ಲಿ ಎರಡು ಬೇರೆ ತೋಟಾ ಹಾಕಿಕೊಳ್ಳಬಹುದು. 6 ನಂಬರಿನ ತೋಟಾದಲ್ಲಿ ಇನ್ನೂರಕ್ಕೂ ಹೆಚ್ಚು ಸಣ್ಣ ಚರೆ. ಎಲ್‌ಜಿ ತೋಟಾದಲ್ಲಿ ಬೆರಳೆಣಿಕೆಯ ದಪ್ಪ ಚರೆ. ಹಳೇ ಜೋಡಿ ನಳಿಗೆಗಳಲ್ಲಿ ಸಾಮಾನ್ಯವಾಗಿ ಬಲಗಡೆಯದು ಬಾಯಿ ಸಡಿಲ, ಎಡಗಡೆಯದು ಬಾಯಿ ಬಿಗಿ. ಈ ಬಿಗಿತಕ್ಕೆ ಚೋಕ್ ಅಂತಾರೆ. ಬಿಗಿ ಇದ್ದಷ್ಟೂ ಚರೆ ಒತ್ತಾಗಿ ದೂರ ಹೋಗುತ್ತದೆ. ಒಂಟಿ ಗುಂಡಿನ ತೋಟಾವನ್ನು ಬಿಗಿ ಚೋಕ್ ನಳಿಗೆಯಲ್ಲಿ ಹೊಡೆಯಬಾರದು. ಯಾವ ನಳಿಗೆ ಯಾವುದು ಅಂತ ಡೀಲರಿಂದಲೋ ಗನ್‌ಸ್ಮಿತ್‌ನಿಂದಲೋ ಒಮ್ಮೆ ಅಳೆಸಿಕೊಳ್ಳಿ. ಮುಖ್ಯವಾಗಿ, ಡಿಬಿಬಿಎಲ್ ಮುರಿದು ಹಿಡಿದರೆ ತುಂಬಿದೆಯೋ ಇಲ್ಲವೋ ಎದುರಿನವನಿಗೂ ಕಾಣುತ್ತದೆ. ಮನೆ ತುಂಬಾ ಮಕ್ಕಳಿರುವಲ್ಲಿ ಇದಕ್ಕಿಂತ ದೊಡ್ಡ ಗುಣ ಇಲ್ಲ. ಪಂಪ್ ಆಕ್ಷನ್ ಬಂದೂಕಿನಲ್ಲಿ ತೋಟಾ ಹೆಚ್ಚು ಹಿಡಿಯುತ್ತದೆ ನಿಜ, ಆದರೆ ಒಳಗೆ ಒಂದು ಉಳಿದಿದ್ದರೆ ಹೊರಗಿನಿಂದ ಗೊತ್ತಾಗಲ್ಲ.

ಎರಡನೆಯದಕ್ಕೆ ಬಂದಾಗ ಎಲ್ಲರ ಕಣ್ಣು ರೈಫಲ್ ಮೇಲೆ. ಸೈನ್ಯದ ಪಾಯಿಂಟ್ 303 ನಾಗರಿಕರಿಗೆ ನಿಷೇಧಿತ ಬೋರ್. ಸಿಗುವುದು ಪಾಯಿಂಟ್ 315, 30-06, ಮತ್ತೆ ಪಾಯಿಂಟ್ 22. ಇಲ್ಲೇ ಸ್ವಲ್ಪ ನಿಧಾನಿಸಬೇಕು. ಕಾಫಿ ತೋಟದಲ್ಲಿ ನಿಂತರೆ ಗಿಡದ ಸಾಲು, ಬಳ್ಳಿ, ನೆರಳು ಮರ ದಾಟಿ ಎಷ್ಟು ದೂರ ಕಾಣುತ್ತದೆ? ಮೂವತ್ತು ಮೀಟರ್, ಹೆಚ್ಚೆಂದರೆ ನಲವತ್ತು. 12 ಬೋರ್ ಸರಿಯಾಗಿ ಕೆಲಸ ಮಾಡುವ ದೂರವೂ ಅಷ್ಟೇ. ರೈಫಲ್ ಗುಂಡು ಹಾಗಲ್ಲ. 30-06 ಗುಂಡು ಗುರಿ ತಪ್ಪಿದರೆ ಮೂರು ಕಿಲೋಮೀಟರ್ ದಾಟಬಲ್ಲದು. "ಅದು ಚಿಕ್ಕದು ಬಿಡಿ" ಅನ್ನುವ ಪಾಯಿಂಟ್ 22 ಕೂಡ ಒಂದೂವರೆ ಕಿಲೋಮೀಟರ್ ಮೀರಿ ಹೋಗುತ್ತದೆ. ನಿಮ್ಮ ತೋಟದ ಬೇಲಿಯಿಂದ ಒಂದೂವರೆ ಕಿಲೋಮೀಟರಿನಲ್ಲಿ ಎಷ್ಟು ಲೈನ್ ಮನೆ, ಎಷ್ಟು ಹೋಂಸ್ಟೇ, ಯಾವ ಶಾಲೆ ಇದೆ ಅಂತ ನೀವೇ ಎಣಿಸಿ. ಸಣ್ಣ ಚರೆ ಸುಮಾರು ಇನ್ನೂರು ಮೀಟರಿಗೆ ಸೋತು ಬೀಳುತ್ತದೆ. ಎಲ್‌ಜಿ ಮಾತ್ರ ಐನೂರು ಮೀಟರ್ ದಾಟಬಹುದು, ಅದನ್ನೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಹಾಗಾಗಿ ರೈಫಲ್ ಕ್ಲಬ್ಬಿಗೆ ಹೋಗುವವರು, ಪಂದ್ಯದಲ್ಲಿ ಭಾಗವಹಿಸುವವರು ಪಾಯಿಂಟ್ 22 ಇಟ್ಟುಕೊಳ್ಳಲಿ. ಹಿಂದೆ ಮಣ್ಣಿನ ಬರೆ ಇರುವ ಜಾಗದಲ್ಲಿ ಮಾತ್ರ ಹೊಡೆಯಲಿ. ದೊಡ್ಡ ರೈಫಲ್ ಹತ್ತು ವರ್ಷದಿಂದ ಪೆಟ್ಟಿಗೆಯಿಂದ ಹೊರಗೇ ಬಂದಿಲ್ಲ ಎಂದಾದರೆ, ಹೋಗಬೇಕಾದ್ದು ಅದೇ. ಬೆಲೆ ಜಾಸ್ತಿ ಅಂತ ಅದನ್ನು ಉಳಿಸಿಕೊಂಡು ಅಜ್ಜನ ಕೋವಿಯನ್ನು ಠಾಣೆಗೆ ಒಪ್ಪಿಸಿ, ಆಮೇಲೆ ಕೈಲ್‌ಪೊಳ್ದ್ ದಿನ ತೋಕ್ ಪೂ ಸಿಕ್ಕಿಸಲು ಕೋವಿ ಇಲ್ಲದೆ ಮನಸ್ಸು ಕೆಡಿಸಿಕೊಳ್ಳುವುದು ಯಾಕೆ? ಎರಡನೇ ಜಾಗ ಅಜ್ಜನ ಕೋವಿಗೆ ಕೊಟ್ಟರೆ ತಪ್ಪೇನಿಲ್ಲ ಅಂತಲೇ ನಮ್ಮ ಅನಿಸಿಕೆ.

ಕೇಪಿನ ಕೋವಿ ಇಟ್ಟುಕೊಳ್ಳುವವರು ಒಂದು ಅಪಾಯ ತಿಳಿದಿರಬೇಕು. ಅದರಿಂದ ಮದ್ದು ತೆಗೆಯುವುದು ಸುಲಭ ಅಲ್ಲ. ಹಾಗಾಗಿ ತುಂಬಿದ್ದನ್ನು ಹಾಗೇ ಗೋಡೆಗೆ ನೇತುಹಾಕುತ್ತಾರೆ, ಮಳೆಗಾಲದಲ್ಲಿ ಮದ್ದು ಥಂಡಿ ಹಿಡಿಯುತ್ತದೆ, ಇನ್ನೊಬ್ಬರು ಖಾಲಿ ಅಂದುಕೊಂಡು ಮೇಲಿಂದ ಮತ್ತೆ ತುಂಬುತ್ತಾರೆ. ಎರಡು ಮದ್ದಿಗೆ ನಳಿಗೆ ಸೀಳುತ್ತದೆ. ಹಳಬರ ಉಪಾಯ ಸರಳ: ಖಾಲಿ ಇದ್ದಾಗ ಗಜವನ್ನು ತಳದವರೆಗೆ ಇಳಿಸಿ, ನಳಿಗೆಯ ಬಾಯಿಯ ಮಟ್ಟಕ್ಕೆ ಗಜದ ಮೇಲೆ ಒಂದು ಗೆರೆ ಹಾಕಿಡುವುದು. ಮುಂದೆ ಗಜ ಇಳಿಸಿದಾಗ ಗೆರೆ ಬಾಯಿಯಿಂದ ಮೇಲೆ ನಿಂತರೆ ಒಳಗೆ ಏನೋ ಇದೆ.

ಹಳೇ ತೋಟಾ ಕೋವಿಗೂ ಒಂದು ಪರೀಕ್ಷೆ ಇದೆ. ಇಂಗ್ಲೆಂಡಿನ ಹಳೇ ಕೋವಿಗಳ ತೋಟಾ ಕೂರುವ ಗೂಡು ಎರಡೂವರೆ ಇಂಚು, ಅಂದರೆ 65 ಮಿಲಿಮೀಟರಿನದು. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 70 ಮಿಲಿಮೀಟರ್. ಮೋಸ ಎಲ್ಲಿದೆ ಅಂದರೆ, ತೋಟಾದ ಮೇಲೆ ಬರೆದ ಅಳತೆ ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನದು. ಹೊಡೆಯುವ ಮೊದಲು ಅದು ಗಿಡ್ಡ, 65ರ ಗೂಡಿಗೆ ಸಲೀಸಾಗಿ ಹೋಗುತ್ತದೆ. ಹೊಡೆದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. "ಹೊಕ್ಕಿತು, ಸರಿ ಇದೆ" ಅನ್ನಬೇಡಿ. ನಳಿಗೆಯ ಮೇಲೆ ಹೆಣೆದ ಹಾಗೆ ಸುತ್ತು ಗೆರೆ ಕಾಣುತ್ತಿದ್ದರೆ ಅದು ಡಮಾಸ್ಕಸ್ ನಳಿಗೆ. ಅಂಥದ್ದಕ್ಕೆ ಈಗಿನ ತೋಟಾ ಹಾಕಲೇಬಾರದು. ಪೂಜೆಗೆ ಇರಲಿ.

ಬಿಟ್ಟುಹೋಗಬೇಕಾದ ಮೂರನೆಯದನ್ನು ಕಳೆದುಕೊಳ್ಳಲೇಬೇಕು ಅಂತೇನಿಲ್ಲ. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಲೈಸೆನ್ಸ್‌ದಾರರಿಗೆ 70 ವರ್ಷ ಆಗಿದ್ದರೆ, ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದಿದ್ದರೆ, ಬದುಕಿರುವಾಗಲೇ ಮಗನಿಗೋ ಮಗಳಿಗೋ ಅದರ ಲೈಸೆನ್ಸ್ ಕೊಡಿಸಲು ಅರ್ಜಿ ಹಾಕಬಹುದು. ಅರ್ಜಿದಾರರಿಗೆ 21 ತುಂಬಿರಬೇಕು, ಉಳಿದ ವಾರಸುದಾರರ ಆಕ್ಷೇಪ ಇಲ್ಲ ಎಂಬ ಪತ್ರ ಬೇಕು. ಅಣ್ಣತಮ್ಮಂದಿರ ಮಾತುಕತೆ ಚೆನ್ನಾಗಿರುವಾಗಲೇ ಈ ಪತ್ರ ಮಾಡಿಸಿಕೊಳ್ಳಿ. ತಂದೆ ತೀರಿಕೊಂಡ ಮೇಲೆ ಕೋವಿ ಅಟ್ಟದಲ್ಲೇ ಉಳಿದು ಲೈಸೆನ್ಸ್ ಮಾತ್ರ ಸತ್ತಿರುವ ಮನೆಗಳು ಪ್ರತಿ ಊರಿನಲ್ಲೂ ಒಂದೆರಡು ಇವೆ. ಕಾನೂನಿನ ಕಣ್ಣಲ್ಲಿ ಅದು ಅಕ್ರಮ ಕೋವಿ. ಠಾಣೆಗೋ ಡೀಲರಿಗೋ ಒಪ್ಪಿಸುವಾಗ ಕೋವಿಯ ನಂಬರ್ ಬರೆದ ರಸೀದಿ ಪಡೆಯದೆ ಬರಬೇಡಿ. ಚುನಾವಣೆ ಸಮಯದ ಠೇವಣಿಗೂ ಇದೇ ಮಾತು.

ನವೀಕರಣ ಈಗ ಐದು ವರ್ಷಕ್ಕೊಮ್ಮೆ, ಮೊದಲಿನ ಹಾಗೆ ಮೂರಕ್ಕಲ್ಲ. ಅದೇ ತಿದ್ದುಪಡಿಯಲ್ಲಿ ಇನ್ನೊಂದೂ ಬಂದಿದೆ: ಮದುವೆ, ಮೆರವಣಿಗೆಯಲ್ಲಿ ಜನರ ಜೀವಕ್ಕೆ ಅಪಾಯ ಆಗುವಂತೆ ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಕೈಲ್‌ಪೊಳ್ದ್ ಸೆಪ್ಟೆಂಬರ್ 3ಕ್ಕೆ ಬರುತ್ತದೆ, ಅಂದರೆ ಮಳೆಗಾಲದ ಬಾಲದಲ್ಲಿ. ಮೂರು ತಿಂಗಳು ಮುಟ್ಟದ ಕೋವಿಯ ನಳಿಗೆಯಲ್ಲಿ ತುಕ್ಕು ಮಾತ್ರ ಅಲ್ಲ, ಕಣಜ ಹುಳ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಗೂಡು ಕಟ್ಟಿದ ನಳಿಗೆಯಲ್ಲಿ ಈಡು ಹೊಡೆದರೆ ನಳಿಗೆ ಒಡೆದು ಹಿಡಿದವನ ಎಡಗೈ ಹೋಗುತ್ತದೆ. ಪೂಜೆಗೆ ಇಳಿಸಿದ ದಿನ ಮೊದಲು ಕೋವಿ ಮುರಿದು, ತೋಟಾ ಇಲ್ಲದ್ದು ಖಚಿತ ಮಾಡಿಕೊಂಡು, ಹಿಂದಿನಿಂದ ಬೆಳಕಿಗೆ ಹಿಡಿದು ಎರಡೂ ನಳಿಗೆಯಲ್ಲಿ ಆಚೆ ಬದಿ ಕಾಣುತ್ತದಾ ನೋಡಿ. ಕೇಪಿನ ಕೋವಿಯಾದರೆ ಗಜ ಇಳಿಸಿ ಗೆರೆ ನೋಡಿ.