ಎಡಕ್ಕೆ ಹಿಡಿದರೆ ಬಲಕ್ಕೆ ಹೋಗುವ ಟಿಲ್ಲರ್: ಹೊಸದಾಗಿ ಹ್ಯಾಂಡಲ್ ಹಿಡಿಯುವವರು ಕಲಿಯಲೇಬೇಕಾದ ಪಾಠ

ಮಲೆನಾಡಿನ ಅಡಿಕೆ ತೋಟ ಇರಲಿ, ಕರಾವಳಿಯ ಗದ್ದೆ ಇರಲಿ, ಮಂಡ್ಯದ ನಾಲೆ ಬಯಲು ಇರಲಿ, ಪವರ್ ಟಿಲ್ಲರ್ ಈಗ ಮನೆಯ ಎತ್ತಿನ ಜಾಗದಲ್ಲಿ ನಿಂತಿದೆ. ಟ್ರ್ಯಾಕ್ಟರ್ ಹೋಗದ ಕಡೆ ಟಿಲ್ಲರ್ ಹೋಗುತ್ತೆ. ಉಳುಮೆ ಮಾಡುತ್ತೆ, ಗೊಬ್ಬರ ಹೊರುತ್ತೆ, ಪಂಪು ಓಡಿಸುತ್ತೆ. ಮನೆಯಲ್ಲಿ ಹದಿನೇಳು ಹದಿನೆಂಟರ ಹುಡುಗರಿದ್ದರೆ ಅದರ ಹ್ಯಾಂಡಲ್ ಅವರ ಕೈಗೆ ಬರಲು ಹೆಚ್ಚು ದಿನ ಬೇಕಾಗಿಲ್ಲ.

ಬೈಕು ಓಡಿಸಲು ಬರುವವರಿಗೆ ಟಿಲ್ಲರ್ ಏನು ಮಹಾ ಅನ್ನಿಸುತ್ತೆ. ಸಮತಟ್ಟಾದ ಗದ್ದೆಯಲ್ಲಿ ಅರ್ಧ ದಿನ ಓಡಿಸಿದರೆ ಧೈರ್ಯವೂ ಬರುತ್ತೆ. ಆದರೆ ಆ ಗದ್ದೆಯಲ್ಲಿ ಕಲಿತ ಪಾಠವೇ ಇಳಿಜಾರಿನಲ್ಲಿ ಕೈಕೊಡುತ್ತೆ. ಅದು ಹೇಗೆ ಅಂತ ಮೊದಲು ನೋಡೋಣ.

ಇಳಿಜಾರಿನಲ್ಲಿ ಯಾಕೆ ಉಲ್ಟಾ?

ಟಿಲ್ಲರ್‌ಗೆ ಸ್ಟೀರಿಂಗ್ ಚಕ್ರ ಇಲ್ಲ. ಎರಡೂ ಹಿಡಿಕೆಗಳ ಕೆಳಗೆ ಒಂದೊಂದು ಸ್ಟೀರಿಂಗ್ ಕ್ಲಚ್ ಲಿವರ್ ಇರುತ್ತೆ. ಎಡಗಡೆಯದು ಒತ್ತಿದರೆ ಎಡ ಚಕ್ರಕ್ಕೆ ಎಂಜಿನ್ನಿನಿಂದ ಬರುವ ಶಕ್ತಿ ಕಡಿದುಹೋಗುತ್ತೆ. ಎಡ ಚಕ್ರ ನಿಧಾನವಾಗಿ, ಬಲ ಚಕ್ರ ಮುಂದೆ ತಳ್ಳುತ್ತೆ, ಗಾಡಿ ಎಡಕ್ಕೆ ತಿರುಗುತ್ತೆ. ಸಮತಟ್ಟು ಜಾಗದಲ್ಲೂ ಏರಿನಲ್ಲೂ ಹೀಗೇ.

ಇಳಿಜಾರಿನಲ್ಲಿ ಲೆಕ್ಕ ಬದಲಾಗುತ್ತೆ. ಅಲ್ಲಿ ಗಾಡಿಯನ್ನು ಎಂಜಿನ್ ಎಳೆಯುತ್ತಿಲ್ಲ. ಭಾರವೇ ಕೆಳಗೆ ನೂಕುತ್ತಿದೆ, ಎಂಜಿನ್ ಅದನ್ನು ತಡೆದು ಹಿಡಿದಿದೆ. ಈಗ ಎಡ ಲಿವರ್ ಒತ್ತಿದರೆ ಎಡ ಚಕ್ರಕ್ಕೆ ಆ ಹಿಡಿತ ತಪ್ಪುತ್ತೆ. ಅದು ಬಿಡುಗಡೆಯಾಗಿ ಜೋರಾಗಿ ಉರುಳುತ್ತೆ. ಬಲ ಚಕ್ರ ಮಾತ್ರ ಎಂಜಿನ್ನಿನ ಹಿಡಿತದಲ್ಲಿ ನಿಧಾನವಾಗಿ ಬರುತ್ತೆ. ಹಾಗಾಗಿ ಗಾಡಿ ಬಲಕ್ಕೆ ತಿರುಗುತ್ತೆ.

"ಎಡಕ್ಕೆ ಹಿಡಿದೆ, ಬಲಕ್ಕೆ ಹೋಯ್ತು" ಅಂತ ಹೊಸಬರು ಹೇಳೋದು ಸುಳ್ಳಲ್ಲ. ಬಲಗಡೆ ಧರೆ, ಬಾವಿ ಅಥವಾ ಬಸಿಗಾಲುವೆ ಇದ್ದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಗಾಬರಿಯಲ್ಲಿ ಅದೇ ಲಿವರ್ ಇನ್ನೂ ಜೋರಾಗಿ ಒತ್ತುವುದು ಮನುಷ್ಯರ ಸ್ವಭಾವ. ಒತ್ತಿದಷ್ಟೂ ಗಾಡಿ ಅದೇ ಕಡೆಗೆ ನುಗ್ಗುತ್ತೆ.

ಇಳಿಯುವಾಗ ಹೀಗೆ ಮಾಡಿ

- ಇಳಿಜಾರು ಶುರುವಾಗುವ ಮೊದಲೇ, ಮೇಲೆ ನಿಂತು, ಒಂದನೇ ಅಥವಾ ಎರಡನೇ ಗೇರಿಗೆ ಹಾಕಿ. ನಡುದಾರಿಯಲ್ಲಿ ಗೇರ್ ಬದಲಿಸಬೇಡಿ.
- ಮೇನ್ ಕ್ಲಚ್ ಬಿಡಿಸಬೇಡಿ, ನ್ಯೂಟ್ರಲ್ ಮಾಡಬೇಡಿ. ಎಂಜಿನ್ನಿನ ಹಿಡಿತವೇ ನಿಮ್ಮ ಬ್ರೇಕು. ಅದು ತಪ್ಪಿದರೆ ಗಾಡಿ ನಿಮ್ಮ ಕೈಯಲ್ಲಿರಲ್ಲ.
- ಆಕ್ಸಿಲರೇಟರ್ ಕಡಿಮೆ ಇಡಿ.
- ಸ್ಟೀರಿಂಗ್ ಕ್ಲಚ್ ಮುಟ್ಟದೆ, ಹ್ಯಾಂಡಲ್ಲನ್ನೇ ಪಕ್ಕಕ್ಕೆ ತಳ್ಳಿ ಸ್ವಲ್ಪ ಸ್ವಲ್ಪವೇ ತಿರುಗಿಸಿ.
- ಲಿವರ್ ಬಳಸಲೇಬೇಕಾದರೆ, ಹೋಗಬೇಕಾದ ಕಡೆಯದಲ್ಲ, ಅದರ ಎದುರು ಕಡೆಯದು ಒತ್ತಿ. ಅದೂ ಹಗುರವಾಗಿ.

ಇದನ್ನು ಓದಿದರೆ ಸಾಲದು, ಕೈಗೆ ರೂಢಿಯಾಗಬೇಕು. ಧರೆ, ಕಾಲುವೆ ಏನೂ ಇಲ್ಲದ, ಅಗಲವಾದ, ಸಣ್ಣ ಇಳಿಜಾರು ಹುಡುಕಿ. ಟ್ರೈಲರ್ ಬಿಚ್ಚಿ, ರೋಟರಿ ಆಫ್ ಮಾಡಿ, ಅನುಭವ ಇರುವ ಅಣ್ಣನನ್ನೋ ಚಿಕ್ಕಪ್ಪನನ್ನೋ ಜೊತೆಗೆ ಕರೆದುಕೊಂಡು ಹತ್ತು ಸಲ ಹತ್ತಿ ಇಳಿಯಿರಿ. ಗಾಡಿ ಎದುರು ದಿಕ್ಕಿಗೆ ತಿರುಗುವುದನ್ನು ಒಮ್ಮೆ ಕೈಯಲ್ಲೇ ಅನುಭವಿಸಿದರೆ ಮತ್ತೆ ಮರೆಯಲ್ಲ. ತಮ್ಮನಿಗೋ ಕೆಲಸದವರಿಗೋ ಟಿಲ್ಲರ್ ಕೊಡುವ ಮೊದಲೂ ಇದನ್ನೇ ಮಾಡಿಸಿ.

ಟ್ರೈಲರ್ ಕಟ್ಟಿದಾಗ ಅಪಾಯ ದುಪ್ಪಟ್ಟು

ಲೋಡ್ ಇರುವ ಟ್ರೈಲರ್ ಇಳಿಜಾರಿನಲ್ಲಿ ಟಿಲ್ಲರನ್ನು ಹಿಂದಿನಿಂದ ನೂಕುತ್ತೆ. ಆಗ ಲಿವರ್ ಒತ್ತಿದರೆ ಟಿಲ್ಲರ್ ಒಂದು ಕಡೆ, ಟ್ರೈಲರ್ ಇನ್ನೊಂದು ಕಡೆ ಮಡಚಿಕೊಳ್ಳಬಹುದು. ಕೂತಿರುವವರು ನಡುವೆ ಸಿಕ್ಕಿಕೊಳ್ತಾರೆ. ಕಡಿಮೆ ಗೇರಿನಲ್ಲಿ, ಟ್ರೈಲರಿನ ಕಾಲು ಬ್ರೇಕನ್ನು ಬಿಟ್ಟು ಬಿಟ್ಟು ಒತ್ತುತ್ತಾ ಇಳಿಯಿರಿ. ಹೊರಡುವ ಮೊದಲು ಬ್ರೇಕ್ ಹಿಡಿಯುತ್ತಾ ಅಂತ ಅಂಗಳದಲ್ಲೇ ನೋಡಿ.

ಲೋಡ್ ಹಿಂದಕ್ಕೆ ಹೆಚ್ಚಾದರೆ ಕೊಂಡಿ ಮೇಲಕ್ಕೆ ಎತ್ತುತ್ತೆ, ಹ್ಯಾಂಡಲ್ ಹತೋಟಿ ತಪ್ಪುತ್ತೆ. ಭಾರ ಸಮನಾಗಿ, ಸ್ವಲ್ಪ ಮುಂದಕ್ಕೇ ಇರಲಿ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಟ್ರೈಲರ್ ಕಟ್ಟಿದ ಟಿಲ್ಲರಿನ ವೇಗ ಗಂಟೆಗೆ 22 ಕಿ.ಮೀ. ಮೀರಬಾರದು, ಭಾರ 1.5 ಟನ್ ಮೀರಬಾರದು. ಇದು ಗರಿಷ್ಠ ಮಿತಿ. ನಿಮ್ಮ ಮಾಡೆಲಿಗೆ ಕಂಪನಿ ಇದಕ್ಕಿಂತ ಕಡಿಮೆ ಹೇಳಿದ್ದರೆ ಅದೇ ಲೆಕ್ಕ. ಗೊಬ್ಬರದ ಮೇಲೆ ನಾಲ್ಕು ಜನ ಕೂರಿಸಿಕೊಂಡು ಹೋಗೋದು ನಮ್ಮಲ್ಲಿ ಮಾಮೂಲಿ. ಗಾಡಿ ಮಗುಚಿದರೆ ಮೊದಲು ಅಡಿಗೆ ಬೀಳೋರು ಅವರೇ.

ಇನ್ನು ವಯಸ್ಸಿನ ಮಾತು. ಹೈಸ್ಕೂಲ್ ಹುಡುಗರ ಕೈಗೆ ಟಿಲ್ಲರ್ ಕೊಟ್ಟು ಊರ ರಸ್ತೆಗೆ ಕಳಿಸಬೇಡಿ. ಅಪ್ರಾಪ್ತರು ರಸ್ತೆಯಲ್ಲಿ ಮೋಟಾರು ವಾಹನ ಓಡಿಸಿ ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯಂತೆ ಪೋಷಕರು ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು ಇದೆ. ಕಾನೂನು ಬದಿಗಿಟ್ಟರೂ, ಕೆಸರಲ್ಲಿ ಹೂತ ಮುನ್ನೂರು ನಾನೂರು ಕೆ.ಜಿ. ಯಂತ್ರವನ್ನು ತಡೆದು ನಿಲ್ಲಿಸುವ ಬಲ ಹದಿನಾಲ್ಕರ ತೋಳಿಗೆ ಇರಲ್ಲ.

ರಿವರ್ಸ್ ಮತ್ತು ರೋಟರಿ

ರಿವರ್ಸ್ ಗೇರಲ್ಲಿ ಕ್ಲಚ್ ದಿಢೀರ್ ಬಿಟ್ಟರೆ ಟಿಲ್ಲರಿನ ಮೂತಿ ಕೆಳಗೆ, ಹ್ಯಾಂಡಲ್ ಮೇಲೆ ಜಿಗಿಯುತ್ತೆ. ನೀವು ಇರುವುದು ಅದರ ಹಿಂದೆಯೇ. ನಿಮ್ಮ ಬೆನ್ನಿಗೆ ಅಡಿಕೆ ಮರವೋ ಗೋಡೆಯೋ ಇದ್ದರೆ ಹ್ಯಾಂಡಲ್ಲಿಗೂ ಮರಕ್ಕೂ ನಡುವೆ ಎದೆ ಸಿಕ್ಕಿಕೊಳ್ಳುತ್ತೆ. ತೋಟದಲ್ಲಿ ಕೆಲಸ ಮಾಡುವವರು ಇದನ್ನು ವಿಶೇಷವಾಗಿ ನೆನಪಿಡಿ. ಹಿಂದೆ ತಿರುಗಿ ನೋಡಿ, ಆಕ್ಸಿಲರೇಟರ್ ಇಳಿಸಿ, ಆಮೇಲೆ ಕ್ಲಚ್ ನಿಧಾನವಾಗಿ ಬಿಡಿ.

ರೋಟರಿ ತಿರುಗುತ್ತಿರುವಾಗ ರಿವರ್ಸ್ ಬೇಡವೇ ಬೇಡ. ಬಹಳಷ್ಟು ಮಾಡೆಲ್‌ಗಳಲ್ಲಿ ಎರಡೂ ಒಟ್ಟಿಗೆ ಬೀಳದಂತೆ ಲಾಕ್ ಇರುತ್ತೆ. ಹಳೇ ಗಾಡಿಯಲ್ಲಿ ಅದು ಸವೆದಿರಬಹುದು, ಯಾರೋ ಬಿಚ್ಚಿ ಹಾಕಿರಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇದನ್ನು ಮೊದಲು ಪರೀಕ್ಷೆ ಮಾಡಿ.

ಬ್ಲೇಡಿಗೆ ಹುಲ್ಲು, ಬಳ್ಳಿ, ಡ್ರಿಪ್ ಪೈಪು ಸುತ್ತಿಕೊಂಡರೆ ಎಂಜಿನ್ ಪೂರ್ತಿ ಆಫ್ ಮಾಡಿಯೇ ಕೈ ಹಾಕಿ. ನ್ಯೂಟ್ರಲ್ ಮಾಡಿದ್ದೀನಿ ಅನ್ನೋದು ಸಾಲದು. ಲುಂಗಿ, ಹೆಗಲ ಟವೆಲು ಬೇಡ. ಪ್ಯಾಂಟು, ಗಟ್ಟಿ ಬೂಟು ಇರಲಿ. ಬದು ದಾಟುವಾಗ ರೋಟರಿ ಆಫ್ ಮಾಡಿ, ಬದು ಎತ್ತರವಿದ್ದರೆ ಮಣ್ಣು ಕೆತ್ತಿ ಓರೆ ದಾರಿ ಮಾಡಿಕೊಂಡು ನೇರವಾಗಿ ದಾಟಿ.

ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವ ಗಾಡಿಯಾದರೆ ಹೆಬ್ಬೆರಳನ್ನೂ ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು ಹಿಡಿಯಿರಿ, ಸುತ್ತಿ ಹಿಡಿಯಬೇಡಿ. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಕೈಯಿಂದ ಜಾರಿಹೋಗುತ್ತೆ, ಹೆಬ್ಬೆರಳು ಉಳಿಯುತ್ತೆ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯೇ ಪ್ರಾಣ ತೆಗೆಯಬಹುದು.

ಹತ್ತು ನಿಮಿಷದ ನಿರ್ವಹಣೆ

ಬೆಳಗ್ಗೆ ಗಾಡಿ ಹೊರಡುವ ಮೊದಲು ಇಷ್ಟು ನೋಡಿ:

- ಎಂಜಿನ್ ಆಯಿಲ್: ಗಾಡಿ ಸಮತಟ್ಟಾಗಿ ನಿಂತಿರುವಾಗ ಕಡ್ಡಿಯಲ್ಲಿ ಅಳೆಯಿರಿ.
- ನೀರು: ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿ ಇದ್ದಾಗ ತೆಗೆದರೆ ಮುಖ ಸುಡುತ್ತೆ.
- ಏರ್ ಕ್ಲೀನರ್: ಬೇಸಿಗೆ ಧೂಳಿನಲ್ಲಿ ದಿನಾ ನೋಡಿ. ಆಯಿಲ್ ತುಂಬುವ ಮಾದರಿಯಾದರೆ ತಳದಲ್ಲಿ ಕೆಸರು ಕೂತ ತಕ್ಷಣ ತೊಳೆದು ಹೊಸ ಆಯಿಲ್ ಹಾಕಿ.
- ಬೆಲ್ಟು: ಹೆಬ್ಬೆರಳಲ್ಲಿ ಒತ್ತಿ ನೋಡಿ. ತೀರಾ ಸಡಿಲವೂ ಬೇಡ, ಬಿಗಿಯೂ ಬೇಡ. ಬಿರುಕು ಬಿಟ್ಟಿದ್ದರೆ ಬದಲಿಸಿ. ಕವರ್ ಹಾಕದೆ ಓಡಿಸಬೇಡಿ.
- ಸ್ಟೀರಿಂಗ್ ಕ್ಲಚ್: ಎರಡೂ ಲಿವರ್ ಒಂದೇ ಸಮ ಕೆಲಸ ಮಾಡಬೇಕು. ಲಿವರಿನಲ್ಲಿ ಸ್ವಲ್ಪ ಆಟ ಇರಬೇಕು. ಆಟ ಇಲ್ಲದಿದ್ದರೆ ಕ್ಲಚ್ ತಾನೇ ಬಿಡಬಹುದು, ಹೆಚ್ಚಾದರೆ ಒತ್ತಿದರೂ ಬಿಡಲ್ಲ.
- ಟೈರ್ ಗಾಳಿ: ಎರಡೂ ಕಡೆ ಸಮ ಇರಲಿ. ವ್ಯತ್ಯಾಸ ಇದ್ದರೆ ಗಾಡಿ ಒಂದೇ ಕಡೆ ಎಳೆಯುತ್ತೆ.
- ಬ್ಲೇಡಿನ ಬೋಲ್ಟು: ಸ್ಪ್ಯಾನರ್ ಹಾಕಿ ಒಮ್ಮೆ ಬಿಗಿ ಮಾಡಿ.

ಕೆಸರುಗದ್ದೆ ಕೆಲಸ ಮುಗಿದ ಮೇಲೆ ತೊಳೆದು ಬಿಟ್ಟರೆ ಆಗಲಿಲ್ಲ. ರೋಟರಿ ಮತ್ತು ಗೇರ್‌ಬಾಕ್ಸ್ ಆಯಿಲ್ಲನ್ನು ನೋಡಿ. ಅದು ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ಒಳಗೆ ಸೇರಿದೆ ಅಂತ ಅರ್ಥ. ಆಗ ಸೀಲ್ ಬದಲಿಸಿದರೆ ಸಣ್ಣ ಖರ್ಚು. ಮುಂದಿನ ಹಂಗಾಮಿಗೆ ಬಿಟ್ಟರೆ ಬೇರಿಂಗು, ಗೇರು ಎಲ್ಲಾ ಹೋಗುತ್ತೆ.

ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಡೀಸೆಲ್ ಟ್ಯಾಂಕ್ ತುಂಬಿಸಿಡಿ. ಖಾಲಿ ಟ್ಯಾಂಕಿನ ಗೋಡೆಗೆ ತೇವ ಕೂತು ಡೀಸೆಲ್ಲಿಗೆ ನೀರು ಸೇರುತ್ತೆ.

ಮೊಬೈಲ್ ಇದಕ್ಕೂ ಬಳಸಿ

ಟಿಲ್ಲರಿಗೆ ಗಂಟೆ ತೋರಿಸುವ ಮೀಟರ್ ಇಲ್ಲದಿದ್ದರೆ, ದಿನಾ ಎಷ್ಟು ಗಂಟೆ ಓಡಿತು ಅಂತ ಮೊಬೈಲಿನ ನೋಟ್ಸಿನಲ್ಲಿ ಬರೆದಿಡಿ. ಆಯಿಲ್ ಯಾವಾಗ ಬದಲಿಸಬೇಕು ಅಂತ ಮ್ಯಾನುಯಲ್ ಹೇಳುವುದು ಗಂಟೆ ಲೆಕ್ಕದಲ್ಲೇ. ಎಂಜಿನ್ ನಂಬರ್, ಬೆಲ್ಟಿನ ಮೇಲಿನ ನಂಬರ್, ಫಿಲ್ಟರಿನ ನಂಬರ್ ಫೋಟೋ ತೆಗೆದಿಟ್ಟುಕೊಂಡರೆ ಪೇಟೆಗೆ ಎರಡು ಸಲ ಓಡಾಡುವುದು ತಪ್ಪುತ್ತೆ.

ಒಬ್ಬರೇ ದೂರದ ಗದ್ದೆಗೆ ಹೋಗುವಾಗ ಎಲ್ಲಿ ಇರ್ತೀನಿ, ಎಷ್ಟೊತ್ತಿಗೆ ಬರ್ತೀನಿ ಅಂತ ಮನೆಯಲ್ಲಿ ಹೇಳಿ. ಏನಾದರೂ ಆದರೆ ಆಂಬುಲೆನ್ಸಿಗೆ 108, ತುರ್ತು ಸಹಾಯಕ್ಕೆ 112. ಯಂತ್ರದಡಿ ಸಿಕ್ಕವರನ್ನು ಎಳೆಯುವ ಮೊದಲು ಎಂಜಿನ್ ನಿಲ್ಲಿಸಿ.

ಮುಂಗಾರಿನ ಉಳುಮೆ ಶುರುವಾದ ಮೇಲೆ ಕಲಿಯಲು ಯಾರಿಗೂ ಪುರುಸೊತ್ತು ಇರಲ್ಲ. ಈ ಭಾನುವಾರವೇ ಟ್ರೈಲರ್ ಬಿಚ್ಚಿ, ಆ ಸಣ್ಣ ಇಳಿಜಾರಿಗೆ ಹೋಗಿ ಬನ್ನಿ. ಮನೆಯಲ್ಲಿ ಟಿಲ್ಲರ್ ಮುಟ್ಟುವ ಪ್ರತಿಯೊಬ್ಬರನ್ನೂ ಕರೆದುಕೊಂಡು ಹೋಗಿ.