ಧರ್ಮಯೋಧನ ಕೈಗೆ ಕೋವಿ ಕೊಡಬಹುದೇ?

ಇಟಲಿಯ ಕವಿ ಅರಿಯೋಸ್ತೊ 1532ರಲ್ಲಿ ತನ್ನ 'ಒರ್ಲ್ಯಾಂಡೊ ಫ್ಯೂರಿಯೋಸೊ' ಕಾವ್ಯವನ್ನು ಹಿಗ್ಗಿಸಿದಾಗ ಹೊಸ ಪ್ರಸಂಗವೊಂದನ್ನು ಸೇರಿಸಿದ. ದುಷ್ಟ ದೊರೆಯೊಬ್ಬನ ಕೋವಿಯನ್ನು ಒರ್ಲ್ಯಾಂಡೊ ವಶಪಡಿಸಿಕೊಳ್ಳುತ್ತಾನೆ. ಇದು ಹೇಡಿಗಳ ಆಯುಧವೆಂದು ಹೇಸಿ ಕಡಲಿಗೆ ಎಸೆಯುತ್ತಾನೆ. ಆತ ಷಾರ್ಲ್‌ಮೇನ್ ಚಕ್ರವರ್ತಿಯ ಪ್ಯಾಲಡಿನ್, ಅಂದರೆ ಧರ್ಮಕ್ಕಾಗಿ ಕತ್ತಿ ಹಿಡಿದವನು. ಆ ಕುಲದ ವೀರ 1975ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಪಾತ್ರಧಾರಣೆಯ ಮೇಜಿನಾಟಕ್ಕೆ ಬಂದ. 2011ರಲ್ಲಿ, ಅದೇ ವಂಶದ ಪಾಥ್‌ಫೈಂಡರ್ ಆಟದ 'ಅಲ್ಟಿಮೇಟ್ ಕಾಂಬ್ಯಾಟ್' ಪುಸ್ತಕ ಅವನ ಕೈಗೆ ಕೋವಿ ಇಟ್ಟಿತು. ಜಗಳ ಶುರುವಾದದ್ದು ಅಲ್ಲಿಂದ.

ಮೊದಲ ಪ್ರಶ್ನೆ ನೀತಿಯದು, ಬೇಗ ಮುಗಿಯುತ್ತದೆ. ಪ್ಯಾಲಡಿನ್ ಸುಳ್ಳು ಹೇಳಬಾರದು, ಮೋಸ ಮಾಡಬಾರದು, ವಿಷ ಬಳಸಬಾರದು. ಕೋವಿ ಬೇಡವೆಂದು ಅವನ ವ್ರತದಲ್ಲಿ ಎಲ್ಲೂ ಇಲ್ಲ.

ಎರಡನೆಯದು ಲೆಕ್ಕದ್ದು. ರುಚಿ ಇರುವುದು ಇಲ್ಲೇ. ಹಳೇ ಕಾಲದ ಪಿಸ್ತೂಲಿನ ಗುಂಡು 20 ಅಡಿಯೊಳಗೆ ಎದುರಾಳಿಯ ಕವಚವನ್ನೂ ದಪ್ಪ ಚರ್ಮವನ್ನೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪ್ಯಾಲಡಿನ್‌ನ ದುಷ್ಟರನ್ನು ಸದೆಬಡಿಯುವ 'ಸ್ಮೈಟ್ ಈವಿಲ್' ಶಕ್ತಿ ಕತ್ತಿಗಷ್ಟೇ ಮೀಸಲಲ್ಲ, ದೂರದ ಆಯುಧಕ್ಕೂ ಒಲಿಯುತ್ತದೆ. ಎಂಟನೇ ಹಂತದ ಪ್ಯಾಲಡಿನ್ ದುಷ್ಟ ಡ್ರ್ಯಾಗನ್ನಿಗೆ ಹೊಡೆದ ಮೊದಲ ಗುಂಡಿಗೆ ಸ್ಮೈಟ್‌ನಿಂದಲೇ 16 ಅಂಕಗಳ ಹೆಚ್ಚುವರಿ ಪೆಟ್ಟು. ಕ್ರಿಟಿಕಲ್, ಅಂದರೆ ಮರ್ಮಕ್ಕೆ ತಗುಲಿದ ಹೊಡೆತ, ಬಿದ್ದರೆ ಪಿಸ್ತೂಲಿನ ಪೆಟ್ಟು ನಾಲ್ಕು ಪಟ್ಟು. 16 ಹೋಗಿ 64! (ದಾಳ 1 ತೋರಿಸಿದರೆ ಕೋವಿಯೇ ಕೆಡುತ್ತದೆ, ಅದೂ ನೆನಪಿರಲಿ.)

ಹೀಗಿರುವಾಗ ಆ ಪುಸ್ತಕವೇ ಕೊಟ್ಟ 'ಹೋಲಿ ಗನ್' ಎಂಬ ಪ್ಯಾಲಡಿನ್ ಬಗೆಯನ್ನು ಆರಿಸಿಕೊಳ್ಳುವುದು ಸಹಜ ಅನ್ನಿಸುತ್ತದೆ. ಆದರೆ ಅದು ಸ್ಮೈಟ್ ಈವಿಲ್ಲನ್ನೇ ಕಿತ್ತುಕೊಂಡು 'ಸ್ಮೈಟಿಂಗ್ ಶಾಟ್' ಕೊಡುತ್ತದೆ. ಪ್ರತಿ ಸಲವೂ ಒಂದು 'ಗ್ರಿಟ್' ಅಂಕ (ಕೋವಿಕಾರನಿಗೆ ಮಿತವಾಗಿ ಸಿಗುವ ಛಲದ ಅಂಕ) ತೆರಬೇಕು, ಆ ಸರದಿಗೆ ಒಂದೇ ಗುಂಡು. ಮೂಲ ಸ್ಮೈಟ್ ಆದರೋ ಒಮ್ಮೆ ಗುರಿ ಹಿಡಿದರೆ ವೈರಿ ಸಾಯುವವರೆಗೂ ಎಲ್ಲ ಗುಂಡಿಗೂ ಅಂಟಿಕೊಂಡಿರುತ್ತದೆ. ಹೆಸರು ಚೆಂದ, ವ್ಯಾಪಾರ ನಷ್ಟದ್ದು.

ಹಾಗಾದರೆ ಗನ್‌ಸ್ಲಿಂಗರ್ ಎಂಬ ಕೋವಿಕಾರರ ವರ್ಗವನ್ನೇ ಬೆರೆಸೋಣವೆಂದರೆ, ಅವನ ಗ್ರಿಟ್ ನಿಂತಿರುವುದು ವಿಸ್ಡಮ್ (ವಿವೇಕ) ಎಂಬ ಗುಣದ ಮೇಲೆ, ಪ್ಯಾಲಡಿನ್‌ನ ಶಕ್ತಿಯೆಲ್ಲ ಕರಿಸ್ಮಾ (ವರ್ಚಸ್ಸು) ಮೇಲೆ. ಎರಡನ್ನೂ ಸಾಕುವಷ್ಟು ಅಂಕ ಯಾರ ಬಳಿಯೂ ಇರುವುದಿಲ್ಲ. ಬೀಗದ ಕೈ ಅದೇ ಪುಸ್ತಕದಲ್ಲಿದೆ: 'ಮಿಸ್ಟೀರಿಯಸ್ ಸ್ಟ್ರೇಂಜರ್' ಎಂಬ ಗನ್‌ಸ್ಲಿಂಗರ್ ಬಗೆ. ಇವನ ಗ್ರಿಟ್ ಕೂಡ ಕರಿಸ್ಮಾದಿಂದಲೇ. ಇವನ 'ಫೋಕಸ್ಡ್ ಏಮ್' ಗುಂಡಿನ ಪೆಟ್ಟಿಗೆ ಕರಿಸ್ಮಾ ಸೇರಿಸುತ್ತದೆ. ಸ್ಮೈಟ್ ಗುರಿ ಹೊಡೆಯುವ ದಾಳಕ್ಕೆ ಸೇರಿಸುತ್ತದೆ. ಜಾಗ ಬೇರೆಬೇರೆ, ಆದ್ದರಿಂದ ತಕರಾರಿಲ್ಲ. ಹೋಲಿ ಗನ್ ಜೊತೆ ಬೆರೆಸಿದರೆ ಮಾತ್ರ ಎರಡೂ ಪೆಟ್ಟಿಗೇ ಕರಿಸ್ಮಾ ಸೇರಿಸಲು ಹೊರಡುತ್ತವೆ. ಒಂದೇ ಗುಣವನ್ನು ಒಂದೇ ಲೆಕ್ಕಕ್ಕೆ ಎರಡು ಸಲ ಕೂಡಿಸುವಂತಿಲ್ಲವೆಂದು ಪ್ರಕಾಶಕರಾದ ಪೈಜೊ ಆಮೇಲೆ ಸ್ಪಷ್ಟಪಡಿಸಿದ್ದಾರೆ.

ಮೇಜಿನ ಸುತ್ತ ಬಹಳ ಜನ ಎಡವುವ ಜಾಗ ಇನ್ನೊಂದಿದೆ. ಸ್ಮೈಟ್ ಘೋಷಿಸುವುದು ಸ್ವಿಫ್ಟ್ ಆಕ್ಷನ್, ಅಂದರೆ ಸರದಿಯಲ್ಲಿ ಕ್ಷಣಮಾತ್ರದಲ್ಲಿ ಮುಗಿಸುವ ಕೆಲಸ. ಫೋಕಸ್ಡ್ ಏಮ್ ಕೂಡ ಅದೇ. ಮೈಮೇಲೆ ಕೈಯಿಟ್ಟು ತನ್ನ ಗಾಯ ತಾನೇ ವಾಸಿಮಾಡಿಕೊಳ್ಳುವುದೂ ಅದೇ. ಸರದಿಗೆ ಸಿಗುವುದು ಒಂದೇ ಸ್ವಿಫ್ಟ್ ಆಕ್ಷನ್. ಗಾಯ ವಾಸಿಮಾಡಲು ಒಂದು ಕೈಯೂ ಖಾಲಿ ಇರಬೇಕು. ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು ಮೆರೆಯುವವರು ಇದನ್ನು ಮರೆಯುತ್ತಾರೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿ ಆಡುವವರಿಗೆ ಈ ಸುಖವಿಲ್ಲ. ಅಲ್ಲಿನ 'ಡಿವೈನ್ ಸ್ಮೈಟ್' 2014ರ ನಿಯಮದಲ್ಲೂ 2024ರ ನಿಯಮದಲ್ಲೂ ಕೋವಿಯ ಗುಂಡಿಗೆ ಒಲಿಯುವುದಿಲ್ಲ.

ಪಾಥ್‌ಫೈಂಡರ್ ಮೊದಲ ಆವೃತ್ತಿಯಲ್ಲಿ ನನ್ನ ತೀರ್ಪು ಇಷ್ಟು: ಹೋಲಿ ಗನ್ ಬೇಡ. ಮಿಸ್ಟೀರಿಯಸ್ ಸ್ಟ್ರೇಂಜರ್ ಒಂದು ಹಂತ ಸಾಕು, ಉಳಿದದ್ದೆಲ್ಲ ಅಪ್ಪಟ ಪ್ಯಾಲಡಿನ್. ಆದರೆ ನಿಮ್ಮ ಆಟ ನಡೆಸುವ ಗೇಮ್ ಮಾಸ್ಟರ್‌ನ ಲೋಕದಲ್ಲಿ ಕೋವಿ ಇದೆಯೋ ಇಲ್ಲವೋ ಎಂದು ಪಾತ್ರ ಬರೆಯುವ ಮೊದಲೇ ಕೇಳಿಬಿಡಿ.